ಏಳು ಗಂಟೆಯ ಕೊಡೆ

ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಕುಳಿತು ಜಪಾನಿನ ಒಂದು ಟಿವಿ ಕೇಂದ್ರವನ್ನು ನಡೆಸುತ್ತಿರುವ ಏಕೈಕ ಹುಬ್ಬಳ್ಳಿಯ ಹೆಂಗಸೆಂದರೆ ನನ್ನ ತಂಗಿ. ಈ ಸಂಗತಿ ಆ ಕೇಂದ್ರದವರಿಗೆ ಬಹುಕಾಲ ತಿಳಿದಿರಲಿಲ್ಲ, ಅಷ್ಟೇ!

ಇದು ಟೋಕಿಯೋದ ದೊಡ್ಡ ಕೇಂದ್ರವೆಂದು ಭಾವಿಸಬೇಡಿ. ಒಂದು ಕಡೆ ಸಮುದ್ರ, ಮೂರು ಕಡೆ ಬೆಟ್ಟಗಳಿರುವ, ನಮ್ಮ ಕಡೆಯ ಒಂದು ಜಿಲ್ಲೆಯಷ್ಟು ಸೀಮೆಗೆ ಮಾತ್ರ ಪ್ರಸಾರ ಮಾಡುವ ಖಾಸಗಿ ಕೇಂದ್ರ. ಅದರ ಕಟ್ಟಡದ ಮಾಳಿಗೆಯ ಮೇಲೆ ಹವಾಮಾನ ತೋರಿಸಲು ಒಂದು ಕ್ಯಾಮೆರಾ ಇದೆ. ಒಂದು ನದಿ, ಒಂದು ಸೇತುವೆ, ಮೇಲೆ ಆಕಾಶ. ಇಡೀ ದಿನ ಇಷ್ಟನ್ನೇ ಅದು ಇಂಟರ್‌ನೆಟ್‌ನಲ್ಲಿ ಬಿತ್ತರಿಸುತ್ತದೆ. ತಂಗಿಯ ಮೊಮ್ಮಗಳು ಶಾಲೆಯಲ್ಲಿ ಜಪಾನಿ ಭಾಷೆ ಕಲಿಯುತ್ತಾಳೆ. ನಾಲ್ಕು ವರ್ಷಗಳ ಹಿಂದೆ ‘ಜಪಾನಿನ ಒಂದು ಊರಿನ ಹವೆಯನ್ನು ವರ್ಣಿಸಿ’ ಎಂಬ ಹೋಮ್‌ವರ್ಕಿಗಾಗಿ ಆ ಚಿತ್ರವನ್ನು ದೊಡ್ಡ ಟಿವಿಯಲ್ಲಿ ಹಚ್ಚಿ, ಹಾಗೆಯೇ ಬಿಟ್ಟು ಶಾಲೆಗೆ ಹೋದಳು. ಆರಿಸುವುದು ಹೇಗೆಂದು ತಂಗಿಗೆ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ತಿಳಿದುಕೊಳ್ಳುವ ಇಚ್ಛೆಯೂ ಉಳಿಯಲಿಲ್ಲ!

ಏಕೆಂದು ಕೇಳುವಿರಾ? ಸಿಡ್ನಿಯಲ್ಲಿ ಬೆಳಗಿನ ಎಂಟಕ್ಕೆ ಮಗ, ಸೊಸೆ, ಮೊಮ್ಮಗಳು ಹೊರಟುಹೋಗುತ್ತಾರೆ. ಹುಬ್ಬಳ್ಳಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಬೆಳಗಿನ ಮೂರೂವರೆ. ಜಪಾನಿನಲ್ಲಿ ಮಾತ್ರ ಸರಿಯಾಗಿ ಏಳು. “ನಾ ಎದ್ದಾಗ ಎದ್ದಿರೋ ಊರಂದ್ರ ಅದೊಂದ ನೋಡೋ ಅಣ್ಣಾ,” ಎನ್ನುತ್ತಾಳೆ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮಗಳ ಮನೆಯಲ್ಲಿರುವ ನಾನೂ ಅದೇ ಹೊತ್ತಿಗೆ ಎದ್ದಿರುತ್ತೇನಲ್ಲ ಎಂದರೆ, “ನೀ ಎದ್ದರ ಬರೇ ಜಗಳಾ ತಗೀತಿ,” ಎಂಬ ಉತ್ತರ.

ಇದರಲ್ಲಿ ಸತ್ಯವಿಲ್ಲದಿಲ್ಲ. ನನ್ನ ಶಾಲೆ ಏಳನೆಯ ಇಯತ್ತೆಗೆ ಮುಗಿಯಿತು. ಉಳಿದ ವಿದ್ಯೆಯೆಲ್ಲ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತ, ಕನ್ನಡಿಯ ಬಿಂಬದಂತಿರುವ ಅಕ್ಷರಗಳಿಂದ ಕಲಿತದ್ದು. ಅಚ್ಚಾದದ್ದೆಲ್ಲ ನಿಜವೆಂದು ಓದುಗರು ನಂಬುತ್ತಾರೆ. ಅಚ್ಚು ಹಾಕಿದವನು ನಂಬಲಾರ.

ಆ ಕೇಂದ್ರದ ಜಾಲತಾಣದಲ್ಲಿ ಅದರ ಚರಿತ್ರೆಯ ಪುಟವೊಂದಿದೆ. ತಂಗಿ ಫೋನಿನ ಅನುವಾದ ಯಂತ್ರದಿಂದ ಅದನ್ನು ಕನ್ನಡಕ್ಕಿಳಿಸಿ ಪಾರಾಯಣ ಮಾಡಿದ್ದಾಳೆ. ಬಾಡಿಗೆ ಕಟ್ಟಡದ ಒಂದೇ ಅಂತಸ್ತಿನಲ್ಲಿ ಆರಂಭ. ಗುಡ್ಡದ ಮೇಲೆ ಗೋಪುರ. ಬೆಟ್ಟದ ಹಿಂದಿನ ಹಳ್ಳಿಗಳಿಗೆ ಚಿತ್ರ ತಲುಪದೆ, ಒಂದೊಂದೇ ಶಿಖರದ ಮೇಲೆ ಒಂದೊಂದು ಮರುಪ್ರಸಾರ ಗೋಪುರ. ಚಳಿಗಾಲದಲ್ಲಿ ಆಂಟೆನಾಗಳ ಮೇಲೆ ಕೂತ ಹಿಮವನ್ನು ಕೊಡವಲು ಬೆಟ್ಟ ಹತ್ತುವ ಇಂಜಿನಿಯರರು. ಇವರ ವಿಷಯ ಬಂದಾಗ ಅವಳ ದನಿ ಮೆತ್ತಗಾಗುತ್ತದೆ. “ಹದಿನಾಲ್ಕ ಮನಿ ಇರೋ ಹಳ್ಳಿಗೂ ಒಂದ್ ಗೋಪುರ ನಿಲ್ಲಿಸ್ಯಾರೋ. ನಮ್ಮ ಓಣಿಗೆ ಇನ್ನೂ ಬಸ್ ಬಂದಿಲ್ಲ!”

“ಕೇಂದ್ರ ಸುರುವಾದ ದಿನ ಊರಿನ ಜನರೆಲ್ಲ ಸಂತೋಷಪಟ್ರು,” ಎಂದು ಒಮ್ಮೆ ಫೋನಿನಲ್ಲಿ ಓದಿ ಹೇಳಿದಳು.

“ಎಲ್ಲಾರೂ? ಆ ಊರಾಗ ಸಿನಿಮಾ ಥಿಯೇಟರ್ ಇರಲಿಲ್ಲೇನು? ಅದರ ಮಾಲಕನೂ ಸಂತೋಷಪಟ್ಟನೇನು?”

“ಅಣ್ಣಾ, ನಿನಗ ಯಾರರ ಲಗ್ನದ ಫೋಟೋ ತೋರಿಸಿದರ, ಬರದೇ ಇದ್ದವರನ್ನ ಹುಡುಕ್ತಿ ನೋಡು!”

ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಟೋಕಿಯೋದಿಂದ ಬರುತ್ತವಂತೆ. ಅವು ನಮಗಿಲ್ಲಿ ಸಿಗುವುದಿಲ್ಲ. ಸ್ವಂತದ್ದೆಂದರೆ ಸಂಜೆಯ ಸುದ್ದಿ, ಶನಿವಾರದ ಅಡುಗೆ ಮತ್ತು ಊರಿನ ಅಂಗಡಿಗಳ ಜಾಹೀರಾತುಗಳು. ಇವುಗಳ ತುಣುಕುಗಳು ಇಂಟರ್‌ನೆಟ್‌ನಲ್ಲಿವೆ. ಸೇತುವೆಯ ಬದಿಯ, ತೋಫು ಎಂಬ ಸೋಯಾ ಪನೀರಿನ ಅಂಗಡಿಯ ಗಂಡ-ಹೆಂಡತಿ ಕಂಬದಂತೆ ನಿಂತು, ಒಂದೇ ವಾಕ್ಯ ನುಡಿದು, ಸೊಂಟ ಬಗ್ಗಿಸಿ ನಮಸ್ಕರಿಸುವ ಜಾಹೀರಾತು ಅವಳಿಗೆ ಅಚ್ಚುಮೆಚ್ಚು. ಸಿಡ್ನಿಯದೇ ಟೂಂಗಾಬಿಯಲ್ಲಿರುವ ನಮ್ಮವರ ಕಿರಾಣಿ ಅಂಗಡಿಯಾತನಿಗೆ ಅದನ್ನು ತೋರಿಸಿ, “ನೀನೂ ನಿನ್ನ ಹೇಣ್ತಿನೂ ಹಿಂಗ ನಿಂತು ಕೈಮುಗೀರಿ, ವ್ಯಾಪಾರ ಹೆಂಗ ಆಗೂದಿಲ್ಲ ನೋಡ್ತೀನಿ,” ಎಂದಳು. ಆತ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಆಂಟಿ, ಬೆಂಡೆಕಾಯಿ ಅರ್ಧ ಕೆಜಿನಾ, ಒಂದು ಕೆಜಿನಾ?”

ಪ್ರಸಾರ ನಾಲ್ಕು ಸೆಕೆಂಡು ನಿಂತರೂ ಆ ಕೇಂದ್ರದಲ್ಲಿ ಅದನ್ನು ಅಪಘಾತವೆಂದೇ ಕರೆಯುತ್ತಾರಂತೆ. ಬಳಿಕ ವಾರ್ತೆ ಓದುವವರು ತಲೆಬಾಗಿ ಕ್ಷಮೆ ಕೇಳುತ್ತಾರೆ. ಈ ಪದ್ಧತಿ ತಂಗಿಯ ಅಡುಗೆಮನೆಗೂ ಬಂದಿದೆ. ರೊಟ್ಟಿ ಸೀದರೆ ಹೊರಗೆ ಬಂದು, ಊಟಕ್ಕೆ ಕುಳಿತವರ ಮುಂದೆ ಬಾಗಿ, “ಪ್ರಸಾರದಾಗ ಅಡಚಣಿ ಆಗೇತಿ, ಕ್ಷಮಾ ಇರಲಿ,” ಎನ್ನುತ್ತಾಳೆ. ಅರವತ್ತೆಂಟು ವರ್ಷ ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳದ ಹೆಂಗಸನ್ನು ಬಾಗಿಸಿದ ಕೇಂದ್ರವೆಂದರೆ ಸಾಮಾನ್ಯವೇ?

ಇನ್ನು ನಮ್ಮ ದೊಡ್ಡ ಜಗಳಕ್ಕೆ ಬರುತ್ತೇನೆ. ಪ್ರತಿದಿನ ಅಲ್ಲಿಯ ಏಳು ಗಂಟೆಗೆ ವೃದ್ಧರೊಬ್ಬರು ಎಡಗಡೆಯಿಂದ ಸೇತುವೆಯ ಮೇಲೆ ಬರುತ್ತಿದ್ದರು. ಮಳೆಯಿರಲಿ, ಬಿಸಿಲಿರಲಿ, ಕೈಯಲ್ಲಿ ಕಪ್ಪು ಕೊಡೆ. ನಡುವೆ ನಿಂತು ನದಿಯನ್ನು ನೋಡಿ, ಕೊಡೆಯಿಂದ ಕಂಬಿಯನ್ನು ಎರಡು ಸಲ ತಟ್ಟಿ, ಬಲಗಡೆಗೆ ಹೋಗಿಬಿಡುತ್ತಿದ್ದರು. ತಂಗಿ ಅವರಿಗೆ ‘ಕೊಡಿ ಅಜ್ಜಾರು’ ಎಂದು ಹೆಸರಿಟ್ಟಿದ್ದಳು. ಅವರು ಬಂದ ಮೇಲೆಯೇ ಅವಳ ಚಹಾ. ಅಕ್ಟೋಬರಿನಲ್ಲಿ ಆಸ್ಟ್ರೇಲಿಯದವರು ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸಿದರೆ, “ಅಜ್ಜಾರು ತಿರುಗಿಸಿಲ್ಲ,” ಎಂದು ಅಡುಗೆಮನೆಯ ಗಡಿಯಾರವನ್ನು ಮುಟ್ಟಗೊಡುತ್ತಿರಲಿಲ್ಲ!

ನಾನು ನಂಬಲಿಲ್ಲ. “ಏ ಹುಚ್ಚಿ, ಇದು ನೇರ ಪ್ರಸಾರ ಅಲ್ಲ. ಒಂದ್ ವರ್ಷದ್ದು ತಗದಿಟ್ಟು ಅದನ್ನ ತಿರುತಿರುಗಿ ಹಚ್ತಾರ. ನಾವು ಕ್ಯಾಲೆಂಡರಿನ ರಾಶಿಫಲ ಹಂಗ ಮಾಡ್ತಿದ್ದಿವಿ. ಹ್ವಾದ ವರ್ಷದ ಮೇಷ ರಾಶಿ ಎತ್ತಿ ಈ ವರ್ಷದ ತುಲಾಕ್ಕ ಇಟ್ರ ಯಾರಿಗೆ ತಿಳೀತೈತಿ?”

“ನಂದು ತುಲಾ ರಾಶಿ, ಅಣ್ಣಾ. ಮೂವತ್ತು ವರ್ಷ ನಿನ್ನ ಕ್ಯಾಲೆಂಡರ್ ನಂಬೀನಿ.”

ಸ್ಪೀಕರ್ ಫೋನಿನಲ್ಲಿ ಕೇಳುತ್ತಿದ್ದ ಅವಳ ಮೊಮ್ಮಗಳು ನಡುವೆ ಬಾಯಿ ಹಾಕಿದಳು. “ಇಟ್ಸ್ ಜಸ್ಟ್ ಎ ವೆದರ್ ಕ್ಯಾಮ್, ಅಜ್ಜಿ!”

ಹೋದ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. “ಅಣ್ಣಾ, ಇವತ್ತ ಬರಲಿಲ್ಲ.” ನೆಗಡಿಯಾಗಿರಬೇಕು ಎಂದೆ. ಮರುದಿನವೂ ಬರಲಿಲ್ಲ. ಐದನೆಯ ದಿನ ಅವಳು ಮೆಲ್ಬರ್ನಿಗೆ ಬುಕ್ ಮಾಡಿದ್ದ ವಿಮಾನವನ್ನು ರದ್ದುಮಾಡಿದಳು. ನನ್ನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಬರಬೇಕಾದವಳು! “ನಾ ವಿಮಾನದಾಗ ಇದ್ದಾಗ ಅವರು ಬಂದು ಹ್ವಾದರ?” ಎಂಬುದು ಕಾರಣ. ಒಂಬತ್ತನೆಯ ದಿನ ಫೋನೇ ಬರಲಿಲ್ಲ, ನಾನೇ ಮಾಡಿದೆ. ನಗಿಸಬೇಕೆಂಬ ಉದ್ದೇಶದಿಂದಲೇ, “ನಿಮ್ಮ ಕೇಂದ್ರದವರ ರೆಕಾರ್ಡಿಂಗ್ ಕೆಟ್ಟಿರಬೇಕು,” ಎಂದೆ.

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಕೇಂದ್ರದ ನಿಯಮದಂತೆ ಅದು ಘೋರ ಅಪಘಾತ.

“ರೆಕಾರ್ಡಿಂಗ್ ಆಗಿದ್ದರ ದಿನಾ ಬರ್ತಿದ್ದರಲ್ಲೋ, ಅಣ್ಣಾ.”

ಜೀವಮಾನದಲ್ಲಿ ಅವಳು ನನ್ನನ್ನು ವಾದದಲ್ಲಿ ಸೋಲಿಸಿದ್ದು ಅದೇ ಮೊದಲು. ಗೆದ್ದವಳು ಅಳುತ್ತಿದ್ದಳು. ನನ್ನ ಮಾತೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತೆಂದು ಇಬ್ಬರಿಗೂ ಅನ್ನಿಸಿತ್ತು.

ಆ ದಿನವೇ ಕೇಂದ್ರಕ್ಕೆ ಪತ್ರ ಬರೆಯಲು ಕುಳಿತೆ. “ಮಾನ್ಯರೇ, ತಮ್ಮ ಚರಿತ್ರೆಯ ಕೆಲವು ಅಂಶಗಳಲ್ಲಿ ನನಗೆ ಭಿನ್ನಾಭಿಪ್ರಾಯವಿದ್ದರೂ...” ಎಂದು ಆರಂಭಿಸಿ ಮೂರು ಪುಟ ತುಂಬಿಸಿದೆ. ಜಪಾನಿ ಭಾಷೆಗೆ ಅನುವಾದಿಸಬೇಕಾಗಿದ್ದ ತಂಗಿಯ ಮೊಮ್ಮಗಳಿಗೆ ವಿಡಿಯೋ ಕಾಲಿನಲ್ಲಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು, ಅಷ್ಟರಮಟ್ಟಿಗೆ ಸಂಸ್ಕಾರವಿದೆ. “ಅಜ್ಜಾ, ಟೂ ಲಾಂಗ್. ಜಸ್ಟ್ ಆಸ್ಕ್ ಇಫ್ ಹೀ ಈಸ್ ಓಕೆ.” ನನ್ನ ಮೂರು ಪುಟಗಳು ಹೀಗೆ ಒಂದು ಸಾಲಾಗಿ ಜಪಾನಿಗೆ ಹೋದವು. ಇಷ್ಟು ಚೆನ್ನಾಗಿ ನನ್ನ ಕರಡನ್ನು ಯಾರೂ ತಿದ್ದಿರಲಿಲ್ಲ.

ಎರಡು ವಾರಗಳಾದ ಮೇಲೆ ಉತ್ತರ ಬಂತು. ಯಂತ್ರದ ಅನುವಾದವನ್ನು ನಾನು ನಂಬುವೆನೇ? ನಮ್ಮ ಸಬರ್ಬಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಜಪಾನಿ ಮಹಿಳೆಗೆ ತೋರಿಸಿದೆ. ಆಕೆ ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಅನುವಾದ ಸರಿಯಾಗಿದೆ ಎಂದರು. ಪತ್ರದ ಸಾರ ಇಷ್ಟು:

‘ಬೆಳಗಿನ ಪಾಳಿಯ ನಾವು ಅವರನ್ನು “ಏಳು ಗಂಟೆ” ಎಂದೇ ಕರೆಯುತ್ತಿದ್ದೆವು. ಅವರು ಹಾದುಹೋದ ಮೇಲೆಯೇ ನಮ್ಮ ಚಹಾ. ಕಾಣದಾದಾಗ ನಮಗೂ ಚಿಂತೆಯಾಗಿ ತೋಫು ಅಂಗಡಿಯಲ್ಲಿ ವಿಚಾರಿಸಿದೆವು. ಆರೋಗ್ಯವಾಗಿದ್ದಾರೆ. ಬೆಟ್ಟದಾಚೆಯ ಸೀಮೆಯಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಅಲ್ಲಿಗೆ ನಮ್ಮ ಪ್ರಸಾರ ತಲುಪುವುದಿಲ್ಲ. ಅಷ್ಟು ದೂರದಿಂದ ಇನ್ನೊಬ್ಬರು ಅವರಿಗಾಗಿ ಕಾಯುತ್ತಿದ್ದಾರೆಂದು ನಮಗೆ ತಿಳಿದಿರಲಿಲ್ಲ. ತಿಳಿಸದೆ ಇದ್ದುದಕ್ಕೆ ಕ್ಷಮಿಸಬೇಕು.’

ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ.

“ಮಗಳ ಮನಿಗೆ ಹೋಗ್ಯಾರ. ನಿನ್ನಂಗ,” ಎಂದಳು. ತುಸು ಹೊತ್ತಿನ ಮೇಲೆ, “ಅಲ್ಲಿ ನದಿ ಐತೋ ಇಲ್ಲೋ.”

ಮರುದಿನ ಬೆಳಿಗ್ಗೆ ಮತ್ತೆ ಫೋನ್. “ಅಣ್ಣಾ, ನಿಮ್ಮ ಬಾಗಲದಾಗ ಕ್ಯಾಮೆರಾ ಐತಲ್ಲಾ?”

“ಐತಿ, ಗಂಟಿಯೊಳಗ. ಪಾರ್ಸೆಲ್ ಕಳವಾಗಬಾರದಂತ ಅಳಿಯ ಹಚ್ಚಿಸ್ಯಾನ.”

“ಅದು ನನ್ನ ಫೋನಿನ್ಯಾಗ ಕಾಣೂವಂಗ ಮಾಡಸು.”

ಅಂದಿನಿಂದ ಬೆಳಗಿನ ಎಂಟಕ್ಕೆ ಸರಿಯಾಗಿ, ನಾನು ಕೊಡೆ ಹಿಡಿದು ಮನೆಯ ಎಡಗಡೆಯಿಂದ ಹೊರಡುತ್ತೇನೆ. ಅಂಚೆಪೆಟ್ಟಿಗೆಯ ಬಳಿ ನಿಂತು, ಇಲ್ಲದ ನದಿಯನ್ನು ನೋಡಿ, ಕೊಡೆಯಿಂದ ಪೆಟ್ಟಿಗೆಯನ್ನು ಎರಡು ಸಲ ತಟ್ಟಿ, ಬಲಗಡೆಗೆ ಹೋಗುತ್ತೇನೆ. ಎದುರುಮನೆಯವರು ಮೊದಲ ವಾರ ಕಿಟಕಿಯ ಪರದೆ ಸರಿಸಿ ನೋಡಿದರು. ಈಗ ಅವರ ನಾಯಿಯೂ ಬೊಗಳುವುದಿಲ್ಲ.

ಮೊನ್ನೆ ಮಾತ್ರ ಸ್ನಾನ ತಡವಾಗಿ, ಎಂಟು ದಾಟಿ ಆರು ನಿಮಿಷವಾಗಿತ್ತು. ಬಲಗಾಲಿಗೆ ನನ್ನ ಚಪ್ಪಲಿ, ಎಡಗಾಲಿಗೆ ಅಳಿಯನದು ಮೆಟ್ಟಿ ಓಡಿಬಂದೆ. ಬಾಗಿಲ ಗಂಟೆಯ ಪುಟ್ಟ ಸ್ಪೀಕರಿನಿಂದ ದನಿ ಬಂತು.

“ಅಣ್ಣಾ?”

ಅಷ್ಟೇ. ನಾನು ಕ್ಯಾಮೆರಾದ ಮುಂದೆ ನಿಂತು, ಈ ವಯಸ್ಸಿನ ಸೊಂಟ ಬಗ್ಗುವಷ್ಟು ಬಗ್ಗಿ, “ಪ್ರಸಾರದಾಗ ಅಡಚಣಿ ಆಗೇತಿ, ಕ್ಷಮಾ ಇರಲಿ,” ಎಂದೆ.

ಸ್ಪೀಕರಿನಲ್ಲಿ ಮೂಗು ಸೇದಿದ ಸದ್ದು. “ರೆಕಾರ್ಡಿಂಗ್ ಅಲ್ಲ, ಹೌದಲ್ಲೋ?”

ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಆದರೂ ನಾನು ಕೊಡೆ ಬಿಚ್ಚಿ ತೋರಿಸಿದೆ. ಅವಳು ಚಹಾಕ್ಕೆ ನೀರಿಡುವ ಸದ್ದು ಕೇಳಿದ ಮೇಲೆಯೇ ಬಲಗಡೆಗೆ ನಡೆದೆ.