ದಿಣ್ಣೆ ಬಂತು, ಇಳೀರಿ!

ನಮ್ಮ ಸೋದರಮಾವನಿಗೆ ಸೈಕಲ್ ತುಳಿಯುವುದಕ್ಕೂ ಬರುತ್ತಿರಲಿಲ್ಲ. ಆದರೆ ಕುಣಿಗಲ್ಲಿನಿಂದ ತುಮಕೂರಿಗೆ ಹೋಗುವ ರಸ್ತೆಯಲ್ಲಿ ದಿಣ್ಣೆ ಹತ್ತಿದ ಅಷ್ಟೂ ಬಸ್ಸು, ಲಾರಿ, ಜೀಪುಗಳನ್ನು ಹತ್ತಿಸಿದವರು ತಾವೇ ಎಂದು ಅವರು ಕೊನೆಯವರೆಗೂ ನಂಬಿದ್ದರು! ಡ್ರೈವರುಗಳು ನಂಬುತ್ತಿರಲಿಲ್ಲ, ಅದು ಬೇರೆ ಮಾತು. ಎಲ್ಲರೂ ಎಲ್ಲವನ್ನೂ ನಂಬಲೇಬೇಕು ಎಂದರೆ ಆಗುತ್ತದೆಯೆ?

ಮಾವ ಹುಟ್ಟಿ ಬೆಳೆದದ್ದು ಕೊತ್ತಗೆರೆ ಪಕ್ಕದ ಹಳ್ಳಿಯಲ್ಲಿ, ಎತ್ತಿನ ಗಾಡಿಯ ಕಾಲದಲ್ಲಿ. ಗಾಡಿ ದಿಣ್ಣೆಗೆ ಬಂದರೆ ಮೇಲೆ ಕೂತವರು ತಟ್ಟನೆ ಇಳಿದು ಪಕ್ಕದಲ್ಲಿ ನಡೆಯಬೇಕು. ಗಾಡಿ ನಿಂತರೆ ಗಾಲಿಗೆ ಕಲ್ಲು ಕೊಡಬೇಕು. ಇಳಿಯದೆ ಕಲ್ಲುಗುಂಡಿನಂತೆ ಕೂತವನಿಗೆ ಊರಿನಲ್ಲಿ ಹೆಣ್ಣು ಕೊಡುವುದೂ ಕಷ್ಟವಾಗಿತ್ತಂತೆ. ಆಮೇಲೆ ಮಾವ ಕುಣಿಗಲ್ಲಿಗೆ ಬಂದು ಒಂದು ದವಸದ ಮಂಡಿಯಲ್ಲಿ ಮೂಟೆ ತೂಕ ಹಾಕುವ ಕೆಲಸಕ್ಕೆ ಸೇರಿದರು. ಎತ್ತು ಹೋಗಿ ಎಂಜಿನ್ ಬಂತು. ಆದರೆ ಎಳೆಯುವುದು ಎತ್ತಾದರೇನು, ಎಂಜಿನ್ನಾದರೇನು, ಎಳೆಯುವ ಪ್ರಾಣದ ಸಂಕಟ ಒಂದೇ ಎನ್ನುವುದು ಅವರ ಸಿದ್ಧಾಂತ. ಹೀಗಾಗಿ ದಿಣ್ಣೆಯ ಬುಡದಲ್ಲಿ ಬಸ್ಸಿನ ಡ್ರೈವರ್ ಗೇರು ಬದಲಾಯಿಸಿದ ಸದ್ದು ಕೇಳಿದರೆ ಸಾಕು, ಮಾವನಿಗೆ ಸೀಟಿನಲ್ಲಿ ಮುಳ್ಳು ಚುಚ್ಚಿದಂತಾಗುತ್ತಿತ್ತು. ಅತ್ತ ಜರುಗಿ, ಇತ್ತ ಜರುಗಿ, ಕೊನೆಗೆ ಪಂಚೆ ಎತ್ತಿ ಕಟ್ಟಿ ಬಾಗಿಲಿಗೆ ಬಂದುಬಿಡುತ್ತಿದ್ದರು.

"ನಿಧಾನ ಮಾಡಪ್ಪಾ, ಇಳ್ಕಂತೀನಿ. ಪಾಪ, ಬಾಳಾ ಏದುಸಿರು ಬುಡ್ತಾ ಐತೆ."

"ಯಾರು ಸ್ವಾಮಿ ಏದುಸಿರು ಬಿಡ್ತಿರೋದು?" ಎಂದು ಕಂಡಕ್ಟರ್ ಗಾಬರಿಯಿಂದ ಸುತ್ತ ನೋಡುತ್ತಿದ್ದ.

"ಎಂಜಿನ್ನು ಕಣಯ್ಯ!"

ಬಸ್ಸು ತೆವಳುವಾಗ ಇವರು ಜಿಗಿದು ಇಳಿದು, ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ "ಹೋಯ್, ಬಾ ಬಾ" ಎಂದು ಬಸ್ಸನ್ನು ಹುರಿದುಂಬಿಸುತ್ತಾ, ನೆತ್ತಿಗೆ ಬಂದ ಮೇಲೆ ಹತ್ತಿಕೊಳ್ಳುತ್ತಿದ್ದರು. ಒಮ್ಮೆ ಹೊಸ ಡ್ರೈವರೊಬ್ಬ ನೆತ್ತಿಯಲ್ಲಿ ನಿಲ್ಲಿಸದೆ ಹೋಗಿಯೇಬಿಟ್ಟ. ತುಮಕೂರಿನ ನಮ್ಮ ಮನೆಗೆ ಬೆಳಿಗ್ಗೆ ಬರಬೇಕಾದ ಮಾವ ಮಧ್ಯಾಹ್ನದ ಬಿಸಿಲಿನಲ್ಲಿ ಧೂಳು ಮೆತ್ತಿಕೊಂಡು ಬಂದರು. ಅಮ್ಮ ನೀರು ಕೊಟ್ಟು, "ಬಿಟ್ಟು ಹೋದ್ನಾ, ಅಯ್ಯೋ!" ಎಂದು ಮರುಗಿದರೆ ಅವರ ಮುಖದಲ್ಲಿ ಗೆದ್ದ ಕಳೆ. "ಬಿಟ್ಟೋಗದೆ ಏನ್ ಮಾಡ್ತದಕ್ಕಾ? ನಾನು ಇಳಿದ ಮೇಲೆ ಅಷ್ಟು ಹಗುರಾಗೋಯ್ತು. ನಿಲ್ಲುಸ್ಬೇಕು ಅಂದ್ರೂ ನಿಲ್ಲಕಿಲ್ಲ!"

ವರ್ಷಗಟ್ಟಲೆ ಮೂಟೆ ತೂಗಿ ತೂಗಿ ಮಾವನ ಕಣ್ಣೇ ತಕ್ಕಡಿಯಾಗಿತ್ತು. ರಜೆಗೆ ನಾನು ಕುಣಿಗಲ್ಲಿಗೆ ಹೋದರೆ ಬಾ, ಕೂತ್ಕೋ ಎಂಬುದೆಲ್ಲ ಆಮೇಲೆ. ಮೊದಲು ಅಡಿಯಿಂದ ಮುಡಿಯವರೆಗೆ ಒಂದು ನೋಟ. "ನಲವತ್ತೊಂದು ಕೆಜಿ! ಏನೇ, ತುಮಕೂರಲ್ಲಿ ಅಕ್ಕಿ ಬೆಳೆಯಲ್ವಾ?" ಎಂದು ಒಳಗೆ ನೋಡಿ, ಅತ್ತೆಗೆ ಇನ್ನೊಂದು ಪಾವು ಅಕ್ಕಿ ಹಾಕಲು ಹೇಳುತ್ತಿದ್ದರು. ಈ ಕಣ್ಣಿನಿಂದಲೇ ಅವರ ಸಂಸಾರಕ್ಕೆ ಗಂಡಾಂತರ ಬಂತು.

ಅತ್ತೆಯ ಅಣ್ಣ ಗುಬ್ಬಿಯವರು. ಕೊಬ್ಬರಿ ವ್ಯಾಪಾರ, ಜರಿ ಶಲ್ಯ, ಹೋದಲ್ಲೆಲ್ಲ ಗಣ್ಯರು. ಮಗಳ ನಿಶ್ಚಿತಾರ್ಥಕ್ಕೆ ಕರೆದೊಯ್ಯಲು ಅವರೇ ಕುಣಿಗಲ್ಲಿಗೆ ಬಂದಿದ್ದರು. ಎಪ್ಪತ್ತರ ದಶಕದ ನಡು ಭಾಗ, ನಾನಿನ್ನೂ ಸ್ಕೂಲಿನಲ್ಲಿದ್ದೆ, ರಜೆಗೆಂದು ಅಲ್ಲೇ ಇದ್ದೆ. ಎಲ್ಲರೂ ಒಂದೇ ಬಸ್ಸಿನಲ್ಲಿ ಕೂತೆವು. ಹೆಬ್ಬೂರಿಗಿಂತ ಮೊದಲು ಹುಣಸೆಮರದ ದಿಣ್ಣೆ ಬಂತು. ಮಾವ ಎದ್ದರು. ಅವತ್ತು ಬಸ್ಸು ಕಿಕ್ಕಿರಿದಿತ್ತು, ತಾವೊಬ್ಬರೇ ಇಳಿದರೆ ಸಾಲದು ಅನ್ನಿಸಿತೋ ಏನೋ, ತುಂಬಿದ ಬಸ್ಸಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದರು:

"ಬಾವಾ, ನೀವು ತೊಂಬತ್ತೆರಡು ಇದೀರ. ಬ್ಯಾರೆ ಯಾರೂ ಬ್ಯಾಡ. ನೀವೊಬ್ರು ಇಳಿದ್ರೆ ಬಸ್ಸು ಒಂದು ಗೇರು ಮೇಲೇ ಹತ್ತುತದೆ!"

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಗುಬ್ಬಿಯ ಗಣ್ಯರು ಕೆಂಪಾಗಿ, "ಎಂಬತ್ತೈದು ಕಣ್ರೀ, ತೊಂಬತ್ತೆರಡಲ್ಲ!" ಎಂದರು. ಇಲ್ಲಿಗಾದರೂ ಸುಮ್ಮನಿರಬಹುದಿತ್ತು. ಮಾವ ಇನ್ನೊಮ್ಮೆ ನಿಧಾನವಾಗಿ ನೋಡಿ, "ಎಂಬತ್ತೈದು ತಿಂಡಿಗೆ ಮುಂಚೆ ಇರ್ಬೌದು" ಎಂದರು.

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡರು. ಅತ್ತೆ ದನಿ ಎತ್ತಿ ಮಾತನಾಡಿದವರಲ್ಲ. ಮೆಲ್ಲಗೇ ಹೇಳಿದರು: "ನೋಡಿ, ಇಷ್ಟು ದಿನ ನೀವು ಇಳಿದ್ರೆ ಜನ ನಕ್ರು, ತಡ್ಕೊಂಡೆ. ಇವತ್ತು ನಮ್ಮಣ್ಣನ್ನ ನಗೆಪಾಟಲು ಮಾಡಿದ್ರಿ. ಇನ್ಮೇಲೆ ನಿಮ್ಮ ಜೊತೆ ನಾನು ಯಾವ ಗಾಡೀನೂ ಹತ್ತಲ್ಲ. ನಾನು ಟಿಕೆಟ್ ತಗೊಳ್ಳೋದು ಕೂತ್ಕೊಳ್ಳೋಕೆ, ನಡಿಯೋಕಲ್ಲ."

ಎಂಟು ವರ್ಷ ಆ ಮಾತು ನಡೆಸಿದರು! ಎಲ್ಲಿಗೆ ಹೋಗಬೇಕಾದರೂ ಅತ್ತೆ ಎಂಟು ಗಂಟೆಯ ಬಸ್ಸಿಗೆ, ಮಾವ ಒಂಬತ್ತರ ಬಸ್ಸಿಗೆ. ಯಡಿಯೂರಿಗೆ ಹೋದರೆ ಸಿದ್ಧಲಿಂಗೇಶ್ವರನ ಮುಂದೆ ಇಬ್ಬರೂ ಗಂಟೆಯ ಅಂತರದಲ್ಲಿ ಕೈ ಮುಗಿಯುತ್ತಿದ್ದರು. ಒಂದೇ ಸಂಸಾರಕ್ಕೆ ಎರಡು ಸಲ ಆಶೀರ್ವಾದ ಮಾಡುವ ಕಷ್ಟ ಆ ದೇವರಿಗೆ! ಮನೆಯಲ್ಲಿ ಏನೂ ಕೊರತೆಯಿಲ್ಲ, ಮಾತುಕತೆ, ಊಟ ಎಲ್ಲ ಎಂದಿನಂತೆ. ಗಾಡಿಯ ವಿಷಯಕ್ಕೆ ಮಾತ್ರ ಬೇರೆ ಬೇರೆ. ಅತ್ತೆಯನ್ನು ಎಂಟರ ಬಸ್ಸಿಗೆ ಹತ್ತಿಸಲು ಮಾವ ಕೊಡೆ ಹಿಡಿದು ಬರುತ್ತಿದ್ದರು. ಡ್ರೈವರನ ಕಿಟಕಿಗೆ ಹೋಗಿ, "ನಮ್ಮನೆಯೋರು ಕೂತವ್ರೆ, ಐವತ್ತೆರಡೇ ಕೆಜಿ. ದಿಣ್ಣೆ ಹತ್ರ ಜೋಪಾನ" ಎಂದು ಹೇಳಿ, ಬಸ್ಸು ತಿರುವು ದಾಟುವವರೆಗೂ ನಿಂತಿರುತ್ತಿದ್ದರು. ಆಮೇಲೆ ಒಂದು ಗಂಟೆ ಅಲ್ಲೇ ಶತಪಥ.

ಆ ಒಂದು ಗಂಟೆ ಕಳೆಯಲೆಂದೇ ಅವರು ಸಿದ್ಲಿಂಗಣ್ಣನ ಶೆಡ್ಡಿಗೆ ಹೋಗಲು ಶುರುಮಾಡಿದ್ದು. ಸಿದ್ಲಿಂಗಣ್ಣ ಮೆಕ್ಯಾನಿಕ್ಕು. ಹಳೆಯ ಪೆಟ್ರೋಲ್ ಜೀಪೊಂದನ್ನು ತಂದು, ಅದರ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿ, ಹಿಂಭಾಗ ಕತ್ತರಿಸಿ ಉದ್ದನೆಯ ತೊಟ್ಟಿ ಕಟ್ಟಿಸಿ, ಪಿಕಪ್ ಎಂದು ಹೆಸರಿಟ್ಟಿದ್ದ. ಬಾಳೆಗೊನೆ, ಇಟ್ಟಿಗೆ, ಮದುವೆ ದಿಬ್ಬಣ, ಏನು ಬೇಕಾದರೂ ಹೇರುತ್ತಿದ್ದ. ಅವನ ವಾದ ಒಂದೇ: ನನ್ನ ಗಾಡಿ ದಿಣ್ಣೆ ಹತ್ತಲು ಯಾವ ನರಪಿಳ್ಳೆಯೂ ಇಳಿಯಬೇಕಾಗಿಲ್ಲ. ಇದನ್ನು ಮಾವ ಸಹಿಸುವುದುಂಟೆ? ಬರಬರುತ್ತಾ ಪ್ರಯಾಣವಿಲ್ಲದ ದಿನವೂ ಬೆಳಿಗ್ಗೆ ಅಲ್ಲಿ ಕುರುಕ್ಷೇತ್ರ.

"ಎಷ್ಟು ಎಳೀತದ್ಲಾ ಸಿದ್ಲಿಂಗಾ, ನಿನ್ ಪಿಕಪ್ಪು?"

"ತೊಟ್ಟೀಲಿ ಒಂದು ಟನ್ನು. ಹಿಂದೆ ಟ್ರೈಲರ್ ಕಟ್ಟುದ್ರೆ ಇನ್ನೊಂದು ಟನ್ನು."

"ಟನ್ನು ಗಿನ್ನು ಬುಡು. ಎಷ್ಟು ಜೋಡಿ ಎತ್ತು, ಅದು ಹೇಳು."

"ಎತ್ತಿನ ಲೆಕ್ಕ ಇಲ್ಲಣ್ಣ ಇದಕ್ಕೆ, ಕುದುರೆ ಲೆಕ್ಕ. ಐವತ್ತು ಕುದುರೆ ಶಕ್ತಿ!"

ಮಾವ ಹಣೆ ಚಚ್ಚಿಕೊಂಡರು. "ಇಲ್ಲೇ ಐತಲ್ಲೋ ರೇಸ್ ಕುದುರೆ ಫಾರಂ! ದಿನಾ ಬೇಲಿ ಪಕ್ಕ ಓಡಾಡ್ತೀಯ, ಒಂದು ಕುದುರೇನಾರ ಗೊಬ್ಬರದ ಗಾಡಿ ಎಳೆದಿದ್ದು ಕಂಡಿದೀಯಾ? ಕುದುರೆ ಇರೋದು ಓಡಕ್ಕೆ, ಎತ್ತು ಇರೋದು ಎಳಿಯಕ್ಕೆ. ಈಗ ಹೇಳು, ನಿನ್ ಗಾಡಿ ಓಡ್ತದೋ, ಎಳೀತದೋ?"

ಕುಣಿಗಲ್ಲಿನಲ್ಲಿ ನಿಂತು ಇದಕ್ಕೆ ಯಾರು ತಾನೆ ಉತ್ತರ ಕೊಟ್ಟಾರು? ಪೆಟ್ರೋಲ್ ಎಂಜಿನ್ ಹೋರಿಯ ಥರ, ಮೊದಲು ನೆಗೆಯುತ್ತದೆ, ದಿಣ್ಣೆ ಅರ್ಧಕ್ಕೆ ಬಂದಾಗ ಮೊಂಡು ಬೀಳುತ್ತದೆ. ಡೀಸೆಲ್ಲು ನಡುವಯಸ್ಸಿನ ಎತ್ತು, ನಿಧಾನ, ಆದರೆ ನೊಗ ಬಿಡುವುದಿಲ್ಲ ಎಂಬಷ್ಟರ ಮಟ್ಟಿಗೆ ಇಬ್ಬರಲ್ಲೂ ಒಮ್ಮತವಿತ್ತು. ಉದ್ದ ಮೂತಿಯ ಲಾರಿ ಹೆಚ್ಚು ಎಳೆಯುತ್ತದೋ, ಚಪ್ಪಟೆ ಮೂತಿಯದೋ ಎಂಬಲ್ಲಿಗೆ ಬಂದರೆ ಮತ್ತೆ ಜಗಳ. "ಮೂಗು ಉದ್ದ ಇದ್ರೆ ತಾನೆ ಉಸ್ರು ಎಳ್ಕೊಳಕ್ಕಾಗೋದು?" ಎನ್ನುವುದು ಮಾವನ ಪಾಯಿಂಟು.

ಮಾತಿನಲ್ಲಿ ತೀರದ್ದನ್ನು ಕೊನೆಗೆ ಪರೀಕ್ಷೆಗೇ ಒಡ್ಡಿದರು. ಹುಣಸೆಮರದ ದಿಣ್ಣೆಯ ಅರ್ಧದಲ್ಲಿ ಇಟ್ಟಿಗೆ ತುಂಬಿದ ಲಾರಿಯೊಂದು ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಅದನ್ನು ನೆತ್ತಿಯವರೆಗೆ ಎಳೆದು ತೋರಿಸುತ್ತೇನೆಂದು ಸಿದ್ಲಿಂಗಣ್ಣ ಪಿಕಪ್ ತೆಗೆದ. ಮಾವ ಅದರಲ್ಲಿ ಕೂರದೆ ಬಸ್ಸಿನಲ್ಲಿ ಹಿಂಬಾಲಿಸಿದರು. ಕಾಲೇಜಿಗೆ ರಜೆಯಿದ್ದ ನಾನೂ ಹೋದೆ. ದಪ್ಪ ಹಗ್ಗ ಕಟ್ಟಿದರು. ಲಾರಿಯವನು ಸ್ಟೀರಿಂಗ್ ಹಿಡಿದು ಕೂತ. ಪಿಕಪ್ ಗರ್ಜಿಸಿತು, ಕಪ್ಪು ಹೊಗೆ ಕಾರಿತು, ಚಕ್ರ ನಿಂತಲ್ಲೇ ತಿರುಗಿ ಧೂಳೆಬ್ಬಿಸಿತು. ಲಾರಿ ಒಂದಿಂಚೂ ಮಿಸುಕಲಿಲ್ಲ! ಅರ್ಧ ಗಂಟೆ ಹೀಗೇ ಆಗಿ, ಹಗ್ಗ ಫಟ್ ಎಂದು ಹರಿಯಿತು. ಸಿದ್ಲಿಂಗಣ್ಣ ಇಳಿದು ಬಂದು ತಲೆ ಕೆರೆದುಕೊಳ್ಳುತ್ತಾ ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಹಾಕಿದವನು ಮುಂದಿನ ಗಾಲಿಯ ಹತ್ತಿರ ನಿಂತುಬಿಟ್ಟ. ಗಾಲಿಯ ಹಿಂದೆ ಒಂದು ಕಲ್ಲು ಇರಬೇಕಾದದ್ದೇ. ಮುಂದೆಯೂ ಒಂದು ದಪ್ಪ ಕಲ್ಲು ಕೂತಿತ್ತು!

"ಯಾವ ಬಡ್ಡೈದ ಇಟ್ಟೋನು?" ಎಂದು ಅವನು ಕೂಗಿದ.

ಮಾವ ಮರದ ನೆರಳಿನಿಂದ ನೆಟ್ಟಗೆ ನೋಡಿದರು. ನಿಂತ ಗಾಡಿ ಕಂಡರೆ ಗಾಲಿಗೆ ಎರಡೂ ಕಡೆ ಕಲ್ಲು ಕೊಡುವ ಕೈ ಅದು. ಬಂದವರೇ ಕೊಟ್ಟು ಮರೆತಿದ್ದರು. ಒಪ್ಪಿಕೊಂಡರು, ಆದರೆ ಸೋಲಲಿಲ್ಲ. "ಕಲ್ಲು ಇದ್ದಿದ್ದಕ್ಕೆ ಹಗ್ಗ ಹರೀತು. ಇಲ್ದಿದ್ರೆ ನಿನ್ನ ಎಂಜಿನ್ನೇ ಹರ್ಕೊಂಡು ಬರ್ತಿತ್ತು ಕಣ್ಲಾ!"

ಅವತ್ತು ಮನೆಗೆ ವಾಪಸು ಬರುವ ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ಕೂತರು. ಹೊರಗೆ ನೋಡುತ್ತಲೇ ನನಗೆ ಹೇಳಿದರು: "ಎಲ್ಲಾ ಗಾಡೀನೂ ಹತ್ತಿಸ್ದೆ ಕಣೇ. ನಿಮ್ಮತ್ತೆ ಒಂದು ಸಲ, ಒಂದೇ ಒಂದು ಸಲ, ನನ್ನ ಜೊತೆ ಇಳಿದು ನಡೀಲಿಲ್ಲ." ನಾನು ನಕ್ಕುಬಿಟ್ಟೆ. ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ಮರುವರ್ಷ ಬೇಸಿಗೆ ರಜೆಯಲ್ಲಿ ನಾನು ಕುಣಿಗಲ್ಲಿನಲ್ಲೇ ಇದ್ದೆ. ಒಂದು ಬೆಳಿಗ್ಗೆ ಮಾವ ಮಂಡಿಗೆ ಹೊರಟವರು ಹೊಸ್ತಿಲಲ್ಲೇ ಎದೆ ಹಿಡಿದುಕೊಂಡು ಕುಸಿದರು. ಡಾಕ್ಟರು ಬಂದು, ತಕ್ಷಣ ತುಮಕೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ, ದಾರಿಯಲ್ಲಿ ಇವರು ಒಂದಿಷ್ಟೂ ಅಲುಗಾಡಬಾರದು ಎಂದರು. ಅಲುಗಾಡದೆ ಇರುವುದು, ಅದೂ ಮಾವ! ಅತ್ತೆ ಬರಿಗಾಲಲ್ಲಿ ಸಿದ್ಲಿಂಗಣ್ಣನ ಶೆಡ್ಡಿಗೆ ಓಡಿದರು. ಪಿಕಪ್ಪಿನ ತೊಟ್ಟಿಯಲ್ಲಿ ಹಾಸಿಗೆ ಹಾಕಿ ಮಲಗಿಸಿದೆವು. ಅತ್ತೆ ಹತ್ತಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆ ಗಾಬರಿಯಲ್ಲಿ ನನಗೆ ಏನೂ ಹೊಳೆಯಲಿಲ್ಲ. ಮಾವನಿಗೆ ಹೊಳೆಯಿತು.

"ಜೊತೇಲಿ ಹತ್ತಿದ್ಯಾ?" ಎಂದರು, ಕ್ಷೀಣವಾಗಿ.

"ಸುಮ್ನೆ ಮಲಗಿ" ಎಂದರು ಅತ್ತೆ.

ಹುಣಸೆಮರದ ದಿಣ್ಣೆಯ ಬುಡದಲ್ಲಿ ಗೇರು ಬಿತ್ತು. ಎಂಜಿನ್ ನರಳಿತು. ನಾನು ಹೆದರಿದ್ದೇ ಆಯಿತು. ಮಾವ ಕಣ್ಣು ಬಿಟ್ಟು, ಎರಡೂ ಕೈ ಊರಿ ಏಳಲು ಹೊರಟರು. "ದಿಣ್ಣೆ ಬಂತು... ಇಳ್ಸ್ರೋ ನನ್ನ..." ನಾನು ಭುಜ ಒತ್ತಿ ಹಿಡಿದೆ. ಹಿಡಿದಷ್ಟೂ ಕೊಸರಾಡಿದರು. ಹಣೆಯಲ್ಲಿ ಬೆವರು, ತುಟಿ ಬಿಳಿಚಿಕೊಂಡಿತ್ತು. ಅಲುಗಾಡಬಾರದು ಎಂದ ಡಾಕ್ಟರ ಮಾತು ನೆನಪಾಗಿ ನಾನು ಅಳತೊಡಗಿದೆ.

ಅತ್ತೆ ಕ್ಯಾಬಿನ್ನಿನ ಹಿಂಬದಿಗೆ ಕೈಯಿಂದ ಬಡಿದರು. "ಸಿದ್ಲಿಂಗಾ, ನಿಲ್ಸಪ್ಪ!"

ಗಾಡಿ ನಿಂತಿತು. ಅತ್ತೆ ಮಾವನ ತಲೆಯನ್ನು ನನ್ನ ತೊಡೆಗೆ ಜರುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆ ಹಿಡಿದು ಕೆಳಗಿಳಿದರು. ಇಳಿದು, ತೊಟ್ಟಿಯ ಅಂಚಿಗೆ ಮುಖ ತಂದು ಹೇಳಿದರು:

"ನೀವು ಮಲಗಿರಿ. ನಿಮ್ಮ ಪಾಲಿಂದು ನಾನು ಇಳಿದಿದೀನಿ."

ಮಾವ ತಟ್ಟನೆ ಸುಮ್ಮನಾದರು. ಇಷ್ಟು ವರ್ಷ ದಿಣ್ಣೆಯಲ್ಲಿ ಯಾರಿಗೂ ನಿಧಾನ ಮಾಡದ ಸಿದ್ಲಿಂಗಣ್ಣ ಆವತ್ತು ಅತ್ತೆಯ ಹೆಜ್ಜೆಗೆ ಸರಿಯಾಗಿ ಗಾಡಿ ಬಿಟ್ಟ. ಕಾದ ಟಾರಿನ ಮೇಲೆ ಅತ್ತೆ ಬರಿಗಾಲಲ್ಲಿ, ಒಂದು ಕೈಯಲ್ಲಿ ತೊಟ್ಟಿಯ ಅಂಚು ಹಿಡಿದು ನಡೆದರು. ಮಾವ ಮಲಗಿದಲ್ಲಿಂದ ಅವರ ಕೈಯನ್ನೇ ನೋಡುತ್ತಿದ್ದರು. ನೆತ್ತಿಯಲ್ಲಿ ಸಿದ್ಲಿಂಗಣ್ಣ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಅಣ್ಣಾ, ನೀವೇ ಗೆದ್ರಿ! ಅಕ್ಕ ಇಳಿದಿದ್ದಕ್ಕೇ ಹತ್ತುತು!" ಅವನೂ ಸೇರಿ ನಾಲ್ಕೇ ಜನರಿದ್ದ ಗಾಡಿ ಅದು, ಯಾರೂ ಇಳಿಯದಿದ್ದರೂ ಹತ್ತುತ್ತಿತ್ತು. ಅವನು ಸುಳ್ಳು ಹೇಳಿದ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಅತ್ತೆ ಏದುಸಿರು ಬಿಡುತ್ತಾ ಹತ್ತಿ ಕೂತರು. ಮಾವ, "ಹಗುರಾಯ್ತು ಕಣೇ" ಎಂದರು.

"ಗಾಡೀಗಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮಾವ ಉಳಿದರು. ವಾಪಸು ಕರೆತರಲು ಪಿಕಪ್ಪೇ ಬಂತು. ಮಾವ, ಅತ್ತೆ ಇಬ್ಬರೂ ಮುಂದಿನ ಸೀಟಿನಲ್ಲಿ, ನಾನು ತೊಟ್ಟಿಯಲ್ಲಿ. ಈ ಕಡೆಯಿಂದ ಬಂದರೆ ಹುಣಸೆಮರದ ದಿಣ್ಣೆ ಬರೀ ಇಳಿಜಾರು. ಎಂಜಿನ್ನಿಗೆ ಕೆಲಸವೇ ಇಲ್ಲ. ನೆತ್ತಿಗೆ ಬಂದಾಗ ಗಾಡಿ ನಿಂತಿತು. ನೋಡಿದರೆ, ಅತ್ತೆ ಮೊದಲು ಇಳಿದು, ಮಾವನಿಗೆ ಕೈ ಕೊಟ್ಟು ಇಳಿಸುತ್ತಿದ್ದಾರೆ!

"ಅಕ್ಕಾ, ಇಲ್ಲಿ ಯಾಕಕ್ಕ ಇಳಿಯೋದು? ಗಾಡಿ ತಾನಾಗೇ ಹೋಯ್ತದೆ" ಎಂದ ಸಿದ್ಲಿಂಗಣ್ಣ.

ಮಾವ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಹೇಳಿದರು:

"ಬ್ರೇಕಿಗೆ ಭಾರ ಆಗಲ್ವೇನಪ್ಪಾ? ಅದಕ್ಕೂ ಪ್ರಾಣ ಇಲ್ವಾ?"

ಇಬ್ಬರೂ ನಿಧಾನವಾಗಿ ದಿಣ್ಣೆ ಇಳಿದರು. ಹಿಂದೆ ಖಾಲಿ ಸೀಟಿನ ಪಿಕಪ್ಪು, ಐವತ್ತು ಕುದುರೆಗಳನ್ನೂ ಬಿಗಿಹಿಡಿದುಕೊಂಡು, ಅವರು ನಡೆದಷ್ಟೇ ಮೆಲ್ಲಗೆ ಬಂತು.