ಬಾಲು ಇನ್ನೂ ಗಾಳಿಯಲ್ಲಿದೆ

ಪೇಂಟರಿಗೆ ರೇಡಿಯೋದ ಮೇಲೆ ಪೂರ್ತಿ ನಂಬಿಕೆ, ಹೆಂಡತಿಯ ಮಾತಿನ ಮೇಲೆ ಪೂರ್ತಿ ಅನುಮಾನ. ಇವೆರಡನ್ನೂ ಸ್ವಲ್ಪ ಅದಲುಬದಲು ಮಾಡಿಕೊಂಡಿದ್ದರೆ ಆ ಭಾನುವಾರ ಮಧ್ಯಾಹ್ನ ಊರಿಗೆಲ್ಲ ಕೇಳುವಂತೆ ಅವರ ಮರ್ಯಾದೆಯ ಮೂರೂ ಸ್ಟಂಪುಗಳು ಹಾರುತ್ತಿರಲಿಲ್ಲ.

ಅವರು ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು. ಬೀದಿಯ ಅರ್ಧ ಅಂಗಡಿಗಳು ತಮ್ಮ ಹೆಸರನ್ನು ಅವರ ಕೈಬರಹದಲ್ಲೇ ಹೇಳಿಕೊಳ್ಳುತ್ತಿದ್ದವು. ಅವರ ಸ್ವಂತ ಅಂಗಡಿಯ ಬಾಗಿಲ ಮೇಲೆ ಮಾತ್ರ ಹೆಸರಿರಲಿಲ್ಲ. ನೀಲಿ ಹಲಗೆ, ಹಳದಿ ಅಕ್ಷರ, ಅಕ್ಷರಕ್ಕೆ ಕೆಂಪು ನೆರಳು: "ಬಾಲು ಇನ್ನೂ ಗಾಳಿಯಲ್ಲಿದೆ ಸ್ನೇಹಿತರೇ, ಯಾರೂ ಉಸಿರು ಬಿಡಬೇಡಿ." ಕೆಳಗೆ ಸಣ್ಣದಾಗಿ "ಗಂಭೀರರು" ಎಂಬ ಅಂಕಿತ. ಗಾಳಿ, ಉಸಿರು ಎಂದೆಲ್ಲ ಓದಿದ ಹೊಸಬರು ಸೈಕಲ್ ತಳ್ಳಿಕೊಂಡು ಬಂದು "ಪಂಕ್ಚರ್ ಹಾಕ್ತೀರಾ?" ಎಂದು ಕೇಳುತ್ತಿದ್ದರು.

ಗಂಭೀರರು ಎಂದರೆ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುತ್ತಿದ್ದ ಹಿರಿಯರು. ಪೇಂಟರು ಮತ್ತು ಅವರ ಗೆಳೆಯ ಕಂಡಕ್ಟರು ಕೂಡಿ ಇಟ್ಟ ಹೆಸರು ಅದು. ವಿಕೆಟ್ ಬಿದ್ದರೆ ಗಂಭೀರರು ಕಿರುಚುತ್ತಿರಲಿಲ್ಲ; ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ಬೇಲ್ಸ್ ನೆಲಕ್ಕೆ ಬಿದ್ದದ್ದು ಮನೆಯವರೆಗೂ ಕೇಳುತ್ತಿತ್ತು. ಅವರ ಜೊತೆಗಾರನಿಗೆ ಇಬ್ಬರೂ ಇಟ್ಟ ಹೆಸರು ಸರಸಿ. ಆತ ಆಟದ ನಡುವೆ ಮೈದಾನದಲ್ಲಿ ಕಾಳು ಹೆಕ್ಕುವ ಪಾರಿವಾಳಗಳ ಸಂಸಾರ ತಾಪತ್ರಯವನ್ನೂ ವರದಿ ಮಾಡುತ್ತಿದ್ದ. ಅಷ್ಟರಲ್ಲಿ ಎರಡು ರನ್ ಆಗಿಹೋಗಿರುತ್ತಿತ್ತು. ಯಾರಿಗೂ ಬೇಸರವಿರಲಿಲ್ಲ.

ಕಂಡಕ್ಟರು ಬಸ್ಸಿನ ಕಂಡಕ್ಟರು. ಡ್ಯೂಟಿ ಇಲ್ಲದ ದಿನ ಪೇಂಟರ ಅಂಗಡಿಯಲ್ಲಿ ಖಾಲಿ ಬಣ್ಣದ ಡಬ್ಬಿಯ ಮೇಲೆ ಕೂತು ಕಾಮೆಂಟರಿ ಕೇಳುವುದು ಅವರ ಜೀವನದ ಪರಮ ಪುರುಷಾರ್ಥವಾಗಿತ್ತು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಪೇಂಟರು ಆ ಡಬ್ಬಿಯನ್ನು ತೆಗೆದಿರಲಿಲ್ಲ, ರೇಡಿಯೋ ಹಾಕಿರಲಿಲ್ಲ. ಹಾಕಿದರೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ "ನೋಡಿದೆಯಾ?" ಎನ್ನಬೇಕಾಗುತ್ತಿತ್ತು. (ಕೇಳುವ ರೇಡಿಯೋಗೆ "ನೋಡಿದೆಯಾ" ಯಾಕೆ ಎಂದು ಇಬ್ಬರೂ ಯಾವತ್ತೂ ಯೋಚಿಸಿದವರಲ್ಲ.)

ಹೀಗಿರುವಾಗ ರೇಡಿಯೋದವರು ಒಂದು ಕಾರ್ಯಕ್ರಮ ಸಾರಿದರು. ಹಳೆಯ ಕಾಮೆಂಟರಿಯ ನೆನಪುಗಳನ್ನು ಕೇಳುಗರು ಫೋನ್ ಮಾಡಿ ಹೇಳಬಹುದು, ಸ್ಟುಡಿಯೋದಲ್ಲಿ ಸ್ವತಃ ಗಂಭೀರರು ಇರುತ್ತಾರೆ. ಎದುರಿನ ಕ್ಷೌರದಂಗಡಿಯವನು ಈ ಸುದ್ದಿ ತಂದಾಗ ಪೇಂಟರ ಮುಖದಲ್ಲಿ ಎರಡು ತಿಂಗಳಿಂದ ಇಲ್ಲದ ಬೆಳಕು ಬಂತು.

"ಆ ಮ್ಯಾಚಿನ ಕಥೆ ಹೇಳ್ತೀನಿ ಕಣೇ," ಎಂದರು ಹೆಂಡತಿಗೆ. "ಪಾಪ, ಅದೊಂದು ಮ್ಯಾಚು ಅವನು ಕೇಳಲೇ ಇಲ್ಲ. ಬಾಗಿಲವರೆಗೂ ಬಂದವನು ಡ್ಯೂಟಿ ಅಂತ ಹೊರಟುಹೋದ. ನಾನು ಹೇಳಿದ್ದನ್ನೇ ಕೇಳಿ ಕೇಳಿ ಖುಷಿಪಟ್ಟ. ಅವನ ನೆನಪಿಗೆ ಇದನ್ನ ರೇಡಿಯೋದಲ್ಲಿ ಹೇಳಿದ್ರೆ ನನಗೂ ಒಂದು ಸಮಾಧಾನ."

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಬೇರೆ ಮ್ಯಾಚ್ ಹೇಳ್ರೀ. ನೂರಾರು ಇವೆ."

"ಇಂಥದ್ದು ಇನ್ನೊಂದಿಲ್ಲ."

"ಅದು ನಿಜ," ಎಂದರು ಹೆಂಡತಿ.

ಆ ಮ್ಯಾಚಿನ ಹಿನ್ನೆಲೆ ಇಷ್ಟು. ಮದುವೆಯಾದ ಹೊಸತರಲ್ಲಿ ಪೇಂಟರು ಒಂದು ಗೋಡೆಯ ಮೇಲೆ ಜಾಹೀರಾತು ಬರೆಯುವ ಮೊದಲು ಸುಣ್ಣ ಹೊಡೆಯುತ್ತಿದ್ದಾಗ ಎರಡೂ ಕಣ್ಣಿಗೆ ಸುಣ್ಣ ಸಿಡಿಯಿತು. ಡಾಕ್ಟರು ಕಣ್ಣು ಕಿವಿ ಎಲ್ಲ ಸೇರಿಸಿ ಬ್ಯಾಂಡೇಜು ಸುತ್ತಿ, "ಸಿಟ್ಟು ಮಾಡ್ಕೋಬೇಡಿ, ಅಳಬೇಡಿ, ಬ್ಯಾಂಡೇಜ್ ಮುಟ್ಟಲೇಬೇಡಿ. ಕಣ್ಣು ಉಳೀಬೇಕಾದ್ರೆ ಹಾಯಾಗಿ ಮಲಗಿ" ಎಂದಿದ್ದರು. ಪೇಂಟರು ಒಳಕೋಣೆಯಲ್ಲಿ ಹಾಯಾಗಿ ಮಲಗಿ, ಹೊರಕೋಣೆಯಲ್ಲಿಟ್ಟ ರೇಡಿಯೋದಿಂದ ಇಡೀ ಪಂದ್ಯವನ್ನು ಕೇಳಿದ್ದರು. ಕಣ್ಣು ಕಟ್ಟಿದ್ದರಿಂದಲೋ ಏನೋ, ಅಷ್ಟು ಸ್ಪಷ್ಟವಾಗಿ ಯಾವ ಪಂದ್ಯವನ್ನೂ ಅವರು ಕಂಡಿರಲಿಲ್ಲ.

ಭಾನುವಾರ ಫೋನ್ ಒಂದೇ ಸಲಕ್ಕೆ ಸಿಕ್ಕಿತು. ದುರದೃಷ್ಟಕ್ಕೆ ಇನ್ನೇನು ಬೇಕು?

"ನಿಮ್ಮ ಮನೆ ರೇಡಿಯೋ ಸ್ವಲ್ಪ ಕಡಿಮೆ ಮಾಡ್ತೀರಾ?" ಎಂದಳು ನಿರೂಪಕಿ.

ಪೇಂಟರು ಹೆಂಡತಿಗೆ ಕೈಸನ್ನೆ ಮಾಡಿದರು. ಹೆಂಡತಿ ರೇಡಿಯೋ ಎತ್ತಿಕೊಂಡು ಅಡುಗೆಮನೆಗೆ ಹೋದರು.

"ಸಾರ್," ಎಂದರು ಪೇಂಟರು ಗಂಭೀರರಿಗೆ. "ಫೈನಲ್ ಪಂದ್ಯದಲ್ಲಿ ನಮ್ಮವರ ಕೊನೇ ಜೋಡಿ ಆಡಿ ಗೆಲ್ಲಿಸಿದ್ರಲ್ಲ ಸಾರ್. ಕೊನೇ ಬಾಲು. ಎತ್ತಿ ಹೊಡೆದ. ಕೆಳಗೆ ಫೀಲ್ಡರ್ ಕೈಚಾಚಿ ನಿಂತಿದ್ದಾನೆ. ಆಗ ನೀವು ಅಂದ್ರಿ, ಬಾಲು ಇನ್ನೂ ಗಾಳಿಯಲ್ಲಿದೆ ಸ್ನೇಹಿತರೇ, ಯಾರೂ ಉಸಿರು ಬಿಡಬೇಡಿ. ಆಮೇಲೆ ಕ್ಯಾಚ್ ಕೈಬಿಟ್ಟ. ನಾನು ಮಂಚದ ಮೇಲೇ ಎದ್ದು ಕುಣಿದೆ ಸಾರ್!"

"ನಾನು ಹಾಗಂದೆನೇ?" ಎಂದರು ಗಂಭೀರರು, ಬಹಳ ಮೆಲ್ಲಗೆ.

"ಅದೊಂದೇ ಅಲ್ಲ. ಕ್ಯಾಪ್ಟನ್ ಫೀಲ್ಡರುಗಳನ್ನ ಹತ್ತಿರ ಕರೆದಾಗ, ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಖಾಲಿ ಇದೆ ಅಂದ್ರಿ. ಎಂಥಾ ಹಾಸ್ಯ ಸಾರ್ ಅದು!"

ಗಂಭೀರರು ಕೆಮ್ಮಿದರು. "ನೋಡಿ, ಆ ಫೈನಲ್ ನನಗೆ ಚೆನ್ನಾಗಿ ನೆನಪಿದೆ. ಬೆಳಗಿನಿಂದ ಸಂಜೆವರೆಗೂ ಮಳೆ. ಒಂದೇ ಒಂದು ಬಾಲೂ ಆಡಲಿಲ್ಲ. ಪಂದ್ಯ ರದ್ದಾಯಿತು. ಜನರ ಕೊಡೆಗಳು ಯಾವ ಯಾವ ಬಣ್ಣದವು ಅಂತ ಹೇಳುತ್ತಾ ನಾವು ದಿನ ಕಳೆದೆವು. ನೀವು ಹೇಳಿದ ಮಾತು ಬಹಳ ಚೆನ್ನಾಗಿದೆ. ನನ್ನದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನನ್ನದಲ್ಲ."

ಪೇಂಟರ ನೆತ್ತಿಗೆ ಸಿಟ್ಟೇರಿತು. ಸತ್ತ ಗೆಳೆಯನ ಹೆಸರಿನಲ್ಲಿ ಕಟ್ಟಿದ ಗುಡಿಗೆ ದೇವರೇ ಬಂದು ಕಲ್ಲು ಹೊಡೆದರೆ ಯಾರಿಗೆ ಸಿಟ್ಟು ಬರುವುದಿಲ್ಲ? "ನಿಮಗೆ ವಯಸ್ಸಾಗಿದೆ ಸಾರ್! ಮರೆವು! ನಿಮ್ಮ ಮಾತು ನಿಮಗೇ ನೆನಪಿಲ್ಲ ಅಂದ್ರೆ ಏನರ್ಥ?"

ಗಂಭೀರರು ಒಂದು ಕ್ಷಣ ಸುಮ್ಮನಾದರು. ಆ ಮೌನದಲ್ಲಿ ಬೇಲ್ಸ್ ಬಿದ್ದದ್ದು ಇಡೀ ಊರಿಗೆ ಕೇಳಿತು. ನಿರೂಪಕಿ ಅವಸರವಾಗಿ ಹಾಡು ಹಾಕಿದಳು. ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೂ ಬಿದ್ದು ಬಿದ್ದು ನಗುತ್ತಿದ್ದ.

ಹೆಂಡತಿ ರೇಡಿಯೋವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯಿಂದ ಬಂದರು. "ಬೇರೆ ಮ್ಯಾಚ್ ಹೇಳಿ ಅಂತ ಬಡ್ಕೊಂಡೆ. ಕೇಳಿದ್ರಾ? ಪಾಪ ಆ ದೊಡ್ಡ ಮನುಷ್ಯರಿಗೆ ಮರೆವು ಅಂದ್ರಲ್ಲ! ಕೂತ್ಕೊಳ್ಳಿ."

"ಯಾಕೆ?"

"ನಿಂತು ಕೇಳೋ ವಿಷಯ ಅಲ್ಲ."

ಪೇಂಟರು ಕೂತರು.

"ಆ ಮ್ಯಾಚಿನ ಹಿಂದಿನ ದಿನ ಕರೆಂಟ್ ಹೋಗಿತ್ತು. ರೇಡಿಯೋ ಸೆಲ್ಲು ತೆಗೆದು ಟಾರ್ಚಿಗೆ ಹಾಕಿದ್ದೆ. ಆರಿಸೋದು ಮರೆತೆ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಸೆಲ್ಲೂ ಸತ್ತಿದ್ವು. ಅವತ್ತು ಅಂಗಡಿಗಳೂ ತೆಗೆದಿರಲಿಲ್ಲ. ನೀವು ಒಳಗಿಂದ 'ಏನೇ, ಶುರುವಾಯ್ತಾ, ರೇಡಿಯೋ ಹಾಕೇ' ಅಂತ ಕೂಗ್ತಾ ಇದ್ದೀರಿ. ಹೊಸ ಹೆಂಡತಿ ನಾನು. ನೀವು ಸಿಟ್ಟಲ್ಲಿ ಬ್ಯಾಂಡೇಜ್ ಕಿತ್ತು ಎಸೆದ್ರೆ ಕಣ್ಣು ಹೋಗುತ್ತೆ ಅಂತ ಅಳ್ತಾ ನಿಂತಿದ್ದೆ. ಆಗ ಅಣ್ಣ ಬಂದ್ರು."

ಪೇಂಟರ ಹೆಂಡತಿಗೆ ಕಂಡಕ್ಟರು ಯಾವಾಗಲೂ ಅಣ್ಣ.

"ಬಂದು?"

"ನನ್ನ ಮುಖ ನೋಡಿದ್ರು, ಟಾರ್ಚ್ ನೋಡಿದ್ರು. 'ನನಗೆ ಡ್ಯೂಟಿ ಇದೆ ಕಣೋ, ಬರ್ತೀನಿ' ಅಂತ ನಿಮಗೆ ಕೇಳೋ ಹಾಗೆ ಕೂಗಿ ಬಾಗಿಲು ಧಡ್ ಅಂತ ಹಾಕಿದ್ರು. ಹೊರಗೆ ಹೋಗಲಿಲ್ಲ. ಖಾಲಿ ಕೊಡ ತರಿಸಿಕೊಂಡು ಅದರ ಬಾಯಲ್ಲಿ ಬಾಯಿಟ್ಟು ಕೂತ್ರು. ರೇಡಿಯೋ ಬಿರಡೆ ಕಟ್ ಅನ್ನಿಸಿ ಶುರುಮಾಡಿದ್ರು ನೋಡಿ. ಗಂಭೀರರೂ ಅವರೇ, ಸರಸಿಯೂ ಅವರೇ, ಪಾರಿವಾಳವೂ ಅವರೇ. ನೀರು ಕುಡೀಬೇಕಾದಾಗೆಲ್ಲ 'ತಾಂತ್ರಿಕ ಅಡಚಣೆ'. ಸಂಜೆ ಗೊತ್ತಾಯ್ತು, ಅಲ್ಲಿ ಮಳೆ ಅಂತ."

ಪೇಂಟರು ಹಿಡಿದ ಹುಲ್ಲುಕಡ್ಡಿಯನ್ನು ಬಿಡಲು ಸಿದ್ಧರಿರಲಿಲ್ಲ. "ಮತ್ತೆ ಆ ಜನ? ಐವತ್ತು ಸಾವಿರ ಜನ ಒಟ್ಟಿಗೆ ಹೋ ಅಂದಿದ್ದು? ಕಿವಿಯಾರೆ ಕೇಳಿದ್ದೀನಿ!"

"ಅದು ನಾನು."

"ಐವತ್ತು ಸಾವಿರವೂ?"

"ಪೂರ್ತಿ. ತಟ್ಟೆಯಲ್ಲಿ ಒಣ ಬಟಾಣಿ ಅಲ್ಲಾಡಿಸಿದ್ರೆ ಚಪ್ಪಾಳೆ. ಬಾಯಿಗೆ ಟವಲ್ ಅಡ್ಡ ಹಿಡಿದು ಹೋ ಅಂದ್ರೆ ಜನಸಾಗರ. ಕೊನೇ ಓವರ್ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ನೀವು ಒಳಗಿಂದ 'ಜನ ಸುಸ್ತಾದ್ರು ಅನ್ಸುತ್ತೆ ಕಣೇ' ಅಂದ್ರಿ. ಮಾರನೇ ದಿನ ಪೇಪರ್ ಓದಿ ಹೇಳಿದ್ನಲ್ಲ, ಆ ವರದಿಯೂ ನಂದೇ."

ಪೇಂಟರು ಹೆಂಡತಿಯ ಕಂಕುಳಿನಿಂದ ರೇಡಿಯೋ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ಇಷ್ಟು ವರ್ಷ ಆ ಮ್ಯಾಚನ್ನ ನಾನು ಅವನಿಗೇ ವಿವರಿಸಿದೆನಲ್ಲೇ," ಎಂದರು. "ಹೌದಾ? ಆಮೇಲೆ? ಅಂತ ಬಾಯಿಬಿಟ್ಟು ಕೇಳ್ತಾ ಇದ್ದ, ಕಳ್ಳ."

"ಹೇಳಿಬಿಡೋಣ ಅಂತ ನಾನು ಎಷ್ಟು ಸಲ ಅಂದೆ. ಅವರೇ ಬೇಡ ಅಂದ್ರು. 'ನಾನು ಹೊಡೆಸಿದ್ದು ಒಂದೇ ಸಿಕ್ಸರ್ ತಂಗಿ. ಇವನ ಬಾಯಲ್ಲಿ ಈಗ ಮೂರಾಗಿದೆ. ಬಿಡು, ಮ್ಯಾಚ್ ಬೆಳೀತಾ ಇದೆ' ಅಂತ ನಗ್ತಿದ್ರು."

ಪೇಂಟರಿಗೂ ನಗು ಬಂತು. ನಗುತ್ತಿರುವಾಗಲೇ ಕಣ್ಣು ಒದ್ದೆಯಾಯಿತು. ಈಗ ಅಳಬೇಡಿ ಎನ್ನಲು ಡಾಕ್ಟರು ಇರಲಿಲ್ಲ, ಧಾರಾಳವಾಗಿ ಅತ್ತರು. ಗೆಳೆಯ ಕೇಳದೆ ಹೋದ ಮ್ಯಾಚು ಎಂದು ಇಷ್ಟು ದಿನ ಮರುಗಿದ್ದರು. ಆ ಮ್ಯಾಚು ಗೆಳೆಯನ ಬಾಯಲ್ಲಿ ಬಿಟ್ಟು ಬೇರೆಲ್ಲೂ ನಡೆದಿರಲೇ ಇಲ್ಲ.

ಮರುದಿನ ಪೇಂಟರು ರೇಡಿಯೋದವರಿಂದ ನಂಬರು ಪಡೆದು ಗಂಭೀರರಿಗೆ ಫೋನ್ ಮಾಡಿ ಕ್ಷಮೆ ಕೇಳಿದರು, ಕಥೆಯನ್ನೂ ಅಂಗಡಿಯ ಬೋರ್ಡಿನ ವಿಷಯವನ್ನೂ ಹೇಳಿದರು. ಖಾಲಿ ಕೊಡದಲ್ಲಿ ಬಾಯಿಟ್ಟ ವಿಷಯ ಬಂದಾಗ ಗಂಭೀರರು ಎರಡು ಸಲ ನಕ್ಕು, "ಬೋರ್ಡಿನಿಂದ ನನ್ನ ಹೆಸರು ತೆಗೆದುಬಿಡಿ. ಅವತ್ತು ನಾನು ಕೊಡೆ ನೋಡುತ್ತಿದ್ದೆ, ಪಂದ್ಯ ಗೆಲ್ಲಿಸಿದ್ದು ಅವರು" ಎಂದರು.

ಹಾಗಾಗಿ ಮುಂದಿನ ಭಾನುವಾರ ಪೇಂಟರು ಏಣಿ ಹತ್ತಿದರು. ಕಂಡಕ್ಟರ ಹೆಂಡತಿಯನ್ನೂ ಕರೆಸಿದ್ದರು. ಎರಡು ತಿಂಗಳಿಂದ ಯಾರ ಮನೆಗೂ ಹೋಗದ ಅತ್ತಿಗೆ ಬಂದು ಅದೇ ಖಾಲಿ ಡಬ್ಬಿಯ ಮೇಲೆ ಕೂತರು.

"ನಿಮಗೆ ಈ ವಿಷಯ ಗೊತ್ತಿರಲಿಲ್ಲ ಅಲ್ವಾ ಅತ್ತಿಗೆ?" ಎಂದರು ಪೇಂಟರು ಮೇಲಿನಿಂದ.

"ಅವತ್ತೇ ಗೊತ್ತು," ಎಂದರು ಅತ್ತಿಗೆ. "ಮನೆಗೆ ಬಂದವರು ಗಂಟಲಿಗೆ ಬಿಸಿನೀರು ಕೇಳಿದ್ರಲ್ಲ."

"ನನಗೂ ಗೊತ್ತಿತ್ತು," ಎಂದ ಕ್ಷೌರದಂಗಡಿಯವನು, ಯಾರೂ ಕೇಳದಿದ್ದರೂ.

ಪೇಂಟರು "ಗಂಭೀರರು" ಎಂಬುದರ ಮೇಲೆ ನೀಲಿ ಬಳಿದು, ಅದು ಒಣಗಿದ ಮೇಲೆ ಹಳದಿಯಲ್ಲಿ "ಕಂಡಕ್ಟರು" ಎಂದು ಬರೆದರು. ಅಷ್ಟು ನಿಧಾನವಾಗಿ, ಅಷ್ಟು ದುಂಡಗೆ ಅವರು ಯಾವ ಗಿರಾಕಿಗೂ ಬರೆದಿರಲಿಲ್ಲ.

"ಚಪ್ಪಾಳೆ ತಟ್ಟಿದವರ ಹೆಸರು?" ಎಂದರು ಹೆಂಡತಿ ಕೆಳಗಿನಿಂದ.

"ಹಲಗೆಯಲ್ಲಿ ಜಾಗ ಇಲ್ಲ ಕಣೇ."

"ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಖಾಲಿ ಇದೆ!"

ಪೇಂಟರು ಗಡಬಡಿಸಿ ಕೆಳಗೆ ತಿರುಗಿದರು. ಮೊಣಕೈ ತಗಲಿ, ಏಣಿಯ ಮೇಲಿನ ಮೆಟ್ಟಿಲಲ್ಲಿದ್ದ ಹಳದಿ ಬಣ್ಣದ ಡಬ್ಬಿ ಮೇಲಕ್ಕೆ ಹಾರಿತು.

"ಡಬ್ಬಿ ಇನ್ನೂ ಗಾಳಿಯಲ್ಲಿದೆ ಸ್ನೇಹಿತರೇ," ಎಂದು ಹೆಂಡತಿ ಅಂಗೈಯನ್ನು ಕೊಡದ ಬಾಯಿಯಂತೆ ಮಾಡಿಕೊಂಡು ಕೂಗಿದರು, "ಯಾರೂ ಉಸಿರು ಬಿಡಬೇಡಿ!"

ಪೇಂಟರು ಎರಡೂ ಕೈ ಚಾಚಿ ಡಬ್ಬಿಯನ್ನು ಎದೆಗವುಚಿ ಹಿಡಿದರು. ಡಬ್ಬಿ ಕ್ಯಾಚ್ ಆಯಿತು. ಬಣ್ಣ ಕತ್ತಿನಿಂದ ಶುರುವಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಉದ್ದಕ್ಕೂ ಇಳಿದು, ಚಪ್ಪಲಿ ಮುಟ್ಟಿತು.

"ಬೌಂಡರಿ!" ಎಂದರು ಅತ್ತಿಗೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು; ಎರಡು ತಿಂಗಳ ನಗುವೆಲ್ಲ ಒಟ್ಟಿಗೆ ಬಂದು, ಹೆಂಡತಿಯ ಭುಜ ಹಿಡಿದುಕೊಂಡು ನಕ್ಕರು. ಕ್ಷೌರದಂಗಡಿಯೂ ಚಪ್ಪಾಳೆ ತಟ್ಟಿತು.

ಏಣಿಯ ಮೇಲೆ ಹಳದಿಯಾಗಿ ನಿಂತ ಪೇಂಟರು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ, "ನೋಡಿದೆಯಾ?" ಎಂದುಬಿಟ್ಟರು.

"ನೋಡಿದ್ವಿ, ನೋಡಿದ್ವಿ!" ಎಂದರು ಕೆಳಗಿದ್ದ ಇಬ್ಬರೂ ಒಟ್ಟಿಗೆ.

"ಈಗ ಇಳೀರಿ," ಎಂದರು ಹೆಂಡತಿ, "ಟರ್ಪೆಂಟೈನ್ ತರ್ತೀನಿ. ಮತ್ತೆ ಆ ಅಂಗಿ ಒಗೆಯೋದು ಯಾರು ಅನ್ನೋದನ್ನ ಇವತ್ತೇ ತೀರ್ಮಾನ ಮಾಡೋಣ."