ತೊಟ್ಟಿಗೆ ಹಾಕಿದ ತೇಪೆ

ಶನಿವಾರ ರಾತ್ರಿ ಊಟದ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಟೈಲರ್ ಕದ ತೆರೆದರೆ, ಸಭೆಯ ಹಿರಿಯರು ಏದುಸಿರು ಬಿಡುತ್ತ ನಿಂತಿದ್ದರು.

"ನಿಂತಿದೆ. ಒಂದು ಹನಿಯೂ ಇಳಿದಿಲ್ಲ" ಎಂದರು. ಅಷ್ಟೇ ಹೇಳಿ ಪಕ್ಕದ ಮನೆಯ ಬಾಗಿಲು ಬಡಿಯಲು ಹೊರಟುಹೋದರು.

ಹೆಂಡತಿಗೂ ಅತ್ತೆಗೂ ತಲೆಬುಡ ತಿಳಿಯಲಿಲ್ಲ. ಟೈಲರನ ಎದೆ ಮಾತ್ರ ಹೊಲಿಗೆ ಯಂತ್ರದಂತೆ ಓಡತೊಡಗಿತು.

ಕ್ರೈಸ್ತ ಪ್ರಾರ್ಥನಾಲಯದ ವೇದಿಕೆಯ ಹಲಗೆಗಳ ಕೆಳಗೆ ದೀಕ್ಷಾಸ್ನಾನದ ತೊಟ್ಟಿಯೊಂದಿತ್ತು. ಎಷ್ಟು ತುಂಬಿಸಿದರೂ ಅದು ಹರಕು ಜೇಬಿನಂತೆ ಸೋರುತ್ತಿತ್ತು. ದೀಕ್ಷೆಯ ಹೊತ್ತಿಗೆ ನೀರು ಮೊಣಕಾಲಿಗಿಳಿದು, ದಪ್ಪ ದೇಹದವರನ್ನು ಮುಳುಗಿಸಲು ಸಭಾಪಾಲಕರು ಕುಸ್ತಿಪಟುವಿನಂತೆ ಹೆಣಗಬೇಕಾಗುತ್ತಿತ್ತು. ಕಳೆದ ವಾರ, ಅಂಗಡಿ ಮುಚ್ಚಿದ ಮೇಲೆ, ಟೈಲರ್ ಯಾರಿಗೂ ತಿಳಿಯದಂತೆ ತೊಟ್ಟಿಗಿಳಿದು ಸಿಮೆಂಟಿನ ತೇಪೆ ಹಾಕಿದ್ದ. ಮೊದಲು ಬಿರುಕೇ ಕಂಡಿರಲಿಲ್ಲ. ಸೋತು ಮೊಣಕಾಲೂರಿ, "ಸ್ವಾಮಿ, ನೀನೇ ತೋರಿಸು. ಮಹಿಮೆಯೆಲ್ಲ ನಿನಗೇ, ನಾನು ಬಾಯಿ ಬಿಡೋದಿಲ್ಲ" ಎಂದು ಬೇಡಿಕೊಂಡಿದ್ದ. ಎದ್ದು ನೋಡಿದರೆ ಬಿರುಕು ಅವನ ಮೊಣಕಾಲಿನ ಕೆಳಗೇ ಇತ್ತು.

ಆ ಸಭೆಯಲ್ಲಿ ಯಾರು ಯಾವ ಸೇವೆ ಮಾಡಿದರೂ ಹೆಸರು ಹೇಳುವ ಪದ್ಧತಿಯಿರಲಿಲ್ಲ. ದೇವರಿಗೆ ಸ್ತೋತ್ರ ಎಂದರೆ ಮುಗಿಯಿತು. ಮಾತು ಕೊಡುವಾಗ ಟೈಲರನಿಗೂ ಅದು ಸುಲಭವಾಗಿಯೇ ಕಂಡಿತ್ತು. ಆದರೆ ಅತ್ತೆಯೊಬ್ಬರಿದ್ದರಲ್ಲ. ಗುಂಡಿ ಹೊಲಿಯುವುದಕ್ಕಿಂತ ದೊಡ್ಡ ಕೆಲಸ ಅಳಿಯನಿಂದಾಗದೆಂದು ಅವರು ಮದುವೆಯ ದಿನವೇ ತೀರ್ಮಾನಿಸಿದ್ದರು. ಅವರ ಬಾಯಿಂದ ಒಮ್ಮೆಯಾದರೂ "ಇದು ನಮ್ಮ ಅಳಿಯ ಮಾಡಿದ್ದು" ಎಂದು ಕೇಳಬೇಕೆಂಬುದು ಅವನ ಬಾಳಿನ ಆಸೆ.

ಭಾನುವಾರ ಬೆಳಿಗ್ಗೆ ಸಭೆಯೆಲ್ಲ ತೊಟ್ಟಿಯ ಸುತ್ತ ನೆರೆಯಿತು. ಅಂಚಿನವರೆಗೆ ನೀರು. ದೇವರೇ ಮಾಡಿದ್ದೆಂದು ಸಭಾಪಾಲಕರು ಸಾರಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಸ್ತೋತ್ರ ಹೇಳಿದವನು ಟೈಲರನೇ. ಅಷ್ಟರಲ್ಲಿ ಜನರ ಕಣ್ಣು ಮೆಲ್ಲನೆ ಸಭೆಯಲ್ಲಿದ್ದ ಒಬ್ಬನೇ ಗಾರೆ ಮೇಸ್ತ್ರಿಯತ್ತ ಹೊರಳಿತು. ತಾನಲ್ಲ, ದೇವರೇ ಎಂದು ಮೇಸ್ತ್ರಿ ಕೈಮುಗಿದ. ಅವನು ಹೇಳಿದ್ದು ಸತ್ಯ. ಕೇಳಿದವರಿಗೆ ಅದು ವಿನಯವೆನಿಸಿತು. ಸಾಲುಗಟ್ಟಿ ಬಂದು ಅವನ ಕೈ ಕುಲುಕಿದರು.

"ನೋಡಿದ್ರಾ ಅಳಿಯಂದಿರೇ, ಮನುಷ್ಯ ಅಂದ್ರೆ ಹಾಗಿರಬೇಕು" ಎಂದರು ಅತ್ತೆ. "ಅಷ್ಟು ಕೆಲಸ ಮಾಡಿ ತುಟಿ ಪಿಟಕ್ ಅನ್ನಲಿಲ್ಲ. ನೀವು ಒಂದು ಕಾಲರ್ ತಿರುಗಿಸಿದ್ರೆ ಬೀದಿಗೆಲ್ಲ ಹೇಳ್ಕೊಂಡು ಬರ್ತೀರಿ."

ಟೈಲರ್ ಸುಳಿವು ಕೊಡತೊಡಗಿದ. ತರಚಿದ ಅಂಗೈಯನ್ನು ಪಕ್ಕದ ಮನೆಯಾಕೆಯ ಮೂಗಿನ ಮುಂದೆ ಹಿಡಿದ. ಆಕೆ ಒಳ್ಳೆಯ ಮುಲಾಮು ಹೇಳಿದಳು. ತಾಳಲಾರದೆ ಹೆಂಡತಿಯ ಕಿವಿಯಲ್ಲಿ, "ದೇವರೇನು ಸಿಮೆಂಟು ಕಲಸ್ತಾನಾ?" ಎಂದ. ಅದು ಪಕ್ಕದ ಮನೆಯಾಕೆಗೂ ಕೇಳಿಸಿತು. ಕೀರ್ತನೆ ಮುಗಿಯುವಷ್ಟರಲ್ಲಿ, ಟೈಲರನಿಗೆ ನಂಬಿಕೆ ಕುಂದಿದೆಯೆಂಬ ಸುದ್ದಿ ಕೊನೆಯ ಬೆಂಚು ಮುಟ್ಟಿತ್ತು. ಹಿರಿಯರು ಅವನನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು, ಅವನ ಅವಿಶ್ವಾಸ ನೀಗಲೆಂದು ಪ್ರಾರ್ಥಿಸಿದರು. ಮೇಸ್ತ್ರಿಯೂ ಬಂದು ತನ್ನದೊಂದು ಕೈಯಿಟ್ಟ. ಆ ಕೈಯ ಭಾರಕ್ಕೆ ಟೈಲರ್ ಒಳಗೊಳಗೇ ಕುದಿದುಹೋದ.

ದೀಕ್ಷೆಗಳು ಸಾಂಗವಾಗಿ ಮುಗಿದವು. ಆಮೇಲೆ ತೊಟ್ಟಿಯ ಬಳಿ ಹೋದ ಹಿರಿಯರು ಭುಜದವರೆಗೆ ತೊಯ್ದು ಬಂದು ಸಭಾಪಾಲಕರಿಗೆ ಏನೋ ಪಿಸುಗುಟ್ಟಿದರು. ಸಭಾಪಾಲಕರು ಮೈಕಿನ ಮುಂದೆ ನಿಂತರು.

"ನಮ್ಮ ಪದ್ಧತಿ ಮೀರ್ತಾ ಇದ್ದೀನಿ, ಕ್ಷಮಿಸಿ. ಈ ತೊಟ್ಟಿಗೆ ಕೈ ಹಾಕಿದವರು ಯಾರು ಅಂತ ಈಗಲೇ ತಿಳೀಬೇಕು."

ಮೇಸ್ತ್ರಿ ಎದ್ದುನಿಂತ. ಅವನು ಬಾಯಿ ತೆರೆಯುವ ಮೊದಲೇ ಟೈಲರ್ ಬೆಂಚು ದಾಟಿ ಮುಂದೆ ಬಂದಿದ್ದ.

"ಅವನಲ್ಲ ಅಯ್ಯನೋರೇ, ನಾನು. ಒಂದೊಂದು ತೇಪೆಯೂ ನನ್ನ ಕೈಯದ್ದು. ಯಾರೂ ಸಹಾಯ ಮಾಡಿಲ್ಲ. ದೇವರೂ ಮಾಡಿಲ್ಲ."

ಕೊನೆಯ ಮಾತು ಅವನ ಕಿವಿಗೇ ಕಹಿಯಾಯಿತು.

ಹಿರಿಯರು ಶಾಂತವಾಗಿ ಕೇಳಿದರು: "ಅಡಿಯಲ್ಲಿ ನೀರು ಹೊರಗೆ ಬಿಡೋ ಕಿಂಡಿ ಇತ್ತಲ್ಲ, ಅದನ್ನೂ ಮುಚ್ಚಿದ್ದು ನೀನೇನಾ?"

ತೊಟ್ಟಿ ತಾನಾಗಿಯೇ ಖಾಲಿಯಾಗುತ್ತಿದ್ದುದರಿಂದ ಆ ಕಿಂಡಿಯನ್ನು ವರ್ಷಗಳಿಂದ ಯಾರೂ ಬಳಸಿರಲಿಲ್ಲ. ಕೆಸರು ಮೆತ್ತಿದ ಅದನ್ನು ಟೈಲರ್ ಎಲ್ಲಕ್ಕಿಂತ ದೊಡ್ಡ ತೂತೆಂದು ತಿಳಿದು ಎರಡು ಪದರ ಸಿಮೆಂಟು ಬಳಿದಿದ್ದ. ಇನ್ನೊಂದು ಗಂಟೆಯಲ್ಲಿ ಅದೇ ವೇದಿಕೆಯ ಮೇಲೆ ಮದುವೆ. ತುಂಬಿದ ತೊಟ್ಟಿಯ ಮೇಲೆ ಹಳೆಯ ಹಲಗೆ ಹಾಸಿ ಮದುಮಕ್ಕಳನ್ನು ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಪ್ರಾರ್ಥನೆ ಮಾಡಿದೆ, ಆಗ ದೇವರೇ ಬಿರುಕು ತೋರಿಸಿದ್ದು..." ಎಂದು ಟೈಲರ್ ತೊದಲಿದ.

"ಈಗ ದೇವರನ್ನ ಮಧ್ಯಕ್ಕೆ ಎಳೀಬೇಡಪ್ಪ" ಎಂದು ಹಿರಿಯರು ಬಕೆಟ್ಟು ಕೊಟ್ಟರು.

ಭಾನುವಾರದ ಬಟ್ಟೆಯಲ್ಲೇ ಅವನು ತೊಟ್ಟಿಗಿಳಿದ. ಸಿಮೆಂಟಿನ ತಪ್ಪು ಯಾರಾದರೂ ಮಾಡಬಹುದಾದದ್ದು. ಆದರೆ ಮೊಣಕಾಲೂರಿ ಬೇಡಿಕೊಂಡವನು ತಾನೇ. ಸಭೆಯ ಮುಂದೆ ದೇವರ ಸಹಾಯವೇ ಇಲ್ಲವೆಂದವನೂ ತಾನೇ. ತಲೆಯೆತ್ತಲು ಅವನಿಗೆ ಮುಖವಿರಲಿಲ್ಲ. ಮೇಸ್ತ್ರಿ ಅಂಗಿಯ ತೋಳು ಮಡಚಿ ಪಕ್ಕಕ್ಕಿಳಿದು ಇನ್ನೊಂದು ಬಕೆಟ್ಟು ಹಿಡಿದ. ಅದು ಬೈಗುಳಕ್ಕಿಂತ ಆಳವಾಗಿ ಚುಚ್ಚಿತು.

ಅಷ್ಟರಲ್ಲಿ ಗಂಡಿನ ಕಡೆಯವರು ಬಂದೇಬಿಟ್ಟರು. ಒದ್ದೆ ನೆಲ, ಕಿತ್ತಿಟ್ಟ ಹಲಗೆ, ತೊಟ್ಟಿಯೊಳಗೆ ಇಬ್ಬರು ಗಂಡಸರು. ಇದೆಲ್ಲ ಯಾರ ಕೆಲಸವೆಂದು ಮದುಮಗನ ತಂದೆ ಹುಬ್ಬು ಗಂಟಿಕ್ಕಿದರು. ಎಲ್ಲಾ ದೇವರ ಚಿತ್ತವೆಂದು ಹಿರಿಯರು ಅಭ್ಯಾಸಬಲದಿಂದ ಕೈಮುಗಿದರು.

ಮುಂದಿನ ಸಾಲಿನಿಂದ ಅತ್ತೆ ಎದ್ದುನಿಂತು, ಸಭೆಗೆಲ್ಲ ಕೇಳುವಂತೆ ಹೇಳಿದರು:

"ದೇವರ ಮೇಲೆ ಯಾಕೆ ಹಾಕ್ತೀರಿ? ಇದು ನಮ್ಮ ಅಳಿಯ ಮಾಡಿದ್ದು."